‘ಬೋಟು ಮಲಗಿವೆ’: ಒಂದು ಗಿಟಾರ್ ಹಾಡು ಕಟ್ಟಿ ಜೊತೆಗಾರರ ಕೈಗೆ ಕೊಟ್ಟ ಕೆಲಸದ ದಾಖಲೆ

ಉಡುಪಿಯ ಮಳೆಗಾಲದಲ್ಲಿ ಕಟ್ಟಿದ ಒಂದು ಹೊಸ ಹಾಡನ್ನು ಈಗ ಉಡುಪಿ, ಮಂಗಳೂರು, ಕುಂದಾಪುರದ ಕೆಲವು ಅಕೂಸ್ಟಿಕ್ ಗಿಟಾರ್ ವಾದಕರು ತಮ್ಮ ತಮ್ಮ ಮನೆಗಳಲ್ಲಿ ನುಡಿಸುತ್ತಿದ್ದಾರೆ. ಸಾಹಿತ್ಯ, ರಾಗ, ಬೆರಳೋಟ ಎಲ್ಲವೂ ಹೊಸದಾಗಿರುವುದರಿಂದ, ಕೇಳಿ ಕಲಿಯಲು ಬೇರೆ ಯಾರ ದಾಖಲೆಯೂ ಅವರಿಗೆ ಸಿಗುವುದಿಲ್ಲ. ಬರೀ ಧ್ವನಿಮುದ್ರಣವೊಂದನ್ನು ಕಳುಹಿಸಿದರೆ ಅದು ಕೇಳುವುದಕ್ಕೆ ಸಾಕು, ನುಡಿಸುವುದಕ್ಕೆ ಸಾಲದು. ಯಾವ ತಂತಿಯನ್ನು ಎಷ್ಟು ಇಳಿಸಿದೆ, ಹೆಬ್ಬೆರಳು ಎಲ್ಲಿ ಬೀಳುತ್ತದೆ, ಯಾವ ಸ್ವರವನ್ನು ಮುಟ್ಟಬಾರದು ಎಂಬುದು ಧ್ವನಿಯಲ್ಲಿ ಅಡಗಿಯೇ ಉಳಿಯುತ್ತದೆ. ಆದ್ದರಿಂದ ಇನ್ನೊಬ್ಬರ ಕೈಗೆ ಸಲ್ಲುವ ಹಾಗೆ ಹಾಡನ್ನು ಮೊದಲಿನಿಂದಲೇ ಹೇಗೆ ಕಟ್ಟಿದೆ, ಕೊಟ್ಟ ಮೇಲೆ ಅದು ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಹಾಡಿನ ವಸ್ತು ಉಡುಪಿಯ ಬಳಿಯ ಮೀನುಗಾರಿಕೆ ಬಂದರಾದ ಮಲ್ಪೆಯದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದನ್ನು ನಿಷೇಧಿಸಲಾಗುತ್ತದೆ. ಮೀನು ಮರಿ ಮಾಡುವ ಕಾಲ ಅದು. ಕಡಲೂ ಆಗ ಒರಟು. ಬೋಟುಗಳು ದಕ್ಕೆಯಲ್ಲಿ, ಅಂದರೆ ಬಂದರಿನ ಕಟ್ಟೆಯ ಬದಿಯಲ್ಲಿ, ಒತ್ತೊತ್ತಾಗಿ ಕಟ್ಟಿ ನಿಂತಿರುತ್ತವೆ, ಜನ ಬಲೆ ಸರಿಪಡಿಸುತ್ತ ಕೂರುತ್ತಾರೆ. ಈ ಕಾಯುವಿಕೆಯಲ್ಲಿ ದುಃಖವೂ ಇಲ್ಲ, ಸಂಭ್ರಮವೂ ಇಲ್ಲ. ಹಾಗಾಗಿ ಮೇಜರ್ (ಉಲ್ಲಾಸದ ಬಣ್ಣ) ಎಂದೋ ಮೈನರ್ (ವಿಷಾದದ ಬಣ್ಣ) ಎಂದೋ ಕಿವಿಗೆ ತಕ್ಷಣ ತೀರ್ಪು ಕೊಡುವ ಸ್ವರಸಂಯೋಜನೆ ನನಗೆ ಬೇಡವಾಗಿತ್ತು. ತೀರ್ಪನ್ನು ಕೊಡುವ ಸ್ವರ ಮೂರನೆಯದಾದ ಗಾಂಧಾರ (ಗ); ಅದನ್ನೇ ಬಿಟ್ಟ ರಾಗವೊಂದು ಬೇಕಾಗಿತ್ತು.

ಅಲ್ಲಿಂದ ಮಧ್ಯಮಾವತಿಗೆ ಹೋಗುವುದು ಸಹಜವಾಗಿತ್ತು. ಕರ್ನಾಟಕ ಸಂಗೀತದ 22ನೆಯ ಮೇಳ, ಅಂದರೆ ಮೂಲರಾಗವಾದ ಖರಹರಪ್ರಿಯದಲ್ಲಿ ಹುಟ್ಟಿದ, ಸ-ರಿ-ಮ-ಪ-ನಿ ಎಂಬ ಐದೇ ಸ್ವರಗಳ ಈ ರಾಗ ನಮ್ಮ ಭಾಗದವರ ಕಿವಿಗೆ ಯಕ್ಷಗಾನದಿಂದಲೂ ಕಚೇರಿಯ ಮಂಗಳದಿಂದಲೂ ಪರಿಚಿತ. ಡಿ ಸ್ವರವನ್ನು ಷಡ್ಜವಾಗಿ (ಸ) ಹಿಡಿದರೆ, ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಬಿಳಿ ಎರಡರಲ್ಲಿ, ಅದರ ಸ್ವರಗಳು ಡಿ, ಇ, ಜಿ, ಎ, ಸಿ.

ಗಿಟಾರಿನ ತಂತಿಗಳನ್ನು ತೆಳುವಿನಿಂದ ದಪ್ಪದ ಕಡೆಗೆ ಒಂದರಿಂದ ಆರು ಎಂದು ಎಣಿಸುತ್ತಾರೆ; ರೂಢಿಯ ಶ್ರುತಿಯಲ್ಲಿ ಎರಡನೆಯ ತಂತಿ ಬಿ. ಅದು ಈ ರಾಗಕ್ಕೆ ಸೇರದ ಧೈವತ. ಬೆರಳು ತಪ್ಪಿ ಆ ತಂತಿ ಖಾಲಿಯಾಗಿ (ಎಡಗೈ ಒತ್ತದೆ) ಮೊಳಗಿದರೆ ರಾಗ ಅಲ್ಲಿಗೇ ಕೆಡುತ್ತದೆ. ಆದ್ದರಿಂದ ಡಿ-ಎ-ಡಿ-ಜಿ-ಎ-ಡಿ ಶ್ರುತಿಯನ್ನು ಆರಿಸಿಕೊಂಡೆ. 1960ರ ದಶಕದ ಆರಂಭದಲ್ಲಿ ಬ್ರಿಟಿಷ್ ವಾದಕ ಡೇವಿ ಗ್ರಹಾಂ ಬಳಕೆಗೆ ತಂದ ಶ್ರುತಿ ಇದು. ಫ್ರಾನ್ಸಿನ ಪಿಯರ್ ಬೆನ್ಸುಸಾನ್ ಇದರಲ್ಲೇ ತಮ್ಮ ವಾದನವನ್ನೆಲ್ಲ ಬೆಳೆಸಿದವರು. ಆರನೆಯ, ಎರಡನೆಯ ಮತ್ತು ಒಂದನೆಯ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಬೇಕು; ಉಳಿದ ಮೂರನ್ನು ಮುಟ್ಟಬೇಕಾಗಿಲ್ಲ. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಓದಿದರೆ ಸಿಗುವುದು ಸ-ಪ-ಸ-ಮ-ಪ-ಸ. ತಂಬೂರಿಯ ಆಧಾರ ಗಿಟಾರಿನೊಳಗೇ ಬಂದು ಕೂತಿತು, ಯಾವ ಖಾಲಿ ತಂತಿ ಮೊಳಗಿದರೂ ಅದು ರಾಗದೊಳಗಿನ ಸ್ವರವೇ ಆಯಿತು. ಟ್ಯೂನರ್ ಇಲ್ಲದವರಿಗೆ ಒಂದು ಸುಲಭದ ದಾರಿಯೂ ಇದೆ: ಆರನೆಯ ತಂತಿಯನ್ನು ನಾಲ್ಕನೆಯ ತಂತಿಗೆ ಒಂದು ಸ್ಥಾಯಿ ಕೆಳಗೆ ಹೊಂದುವಂತೆ, ಎರಡನೆಯದನ್ನು ಐದನೆಯದಕ್ಕೆ ಒಂದು ಸ್ಥಾಯಿ ಮೇಲೆ ಹೊಂದುವಂತೆ, ಒಂದನೆಯದನ್ನು ನಾಲ್ಕನೆಯದಕ್ಕೆ ಒಂದು ಸ್ಥಾಯಿ ಮೇಲೆ ಹೊಂದುವಂತೆ ಇಳಿಸಿದರೆ ಸಾಕು.

ಈ ಐದು ಸ್ವರಗಳಿಂದ ಎಷ್ಟು ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು, ಕಟ್ಟಬಹುದು ಎಂದು ಕಾಗದದ ಮೇಲೆ ಬರೆದು ನೋಡಿದೆ. ಪೂರ್ಣ ತ್ರಿಸ್ವರಗಳು ಎರಡೇ: ಸಿ ಮೇಜರ್ ಮತ್ತು ಎ ಮೈನರ್. ಡಿ ಮತ್ತು ಜಿ ಕಾರ್ಡುಗಳಲ್ಲಿ ನಡುವಿನ ಸ್ವರವನ್ನು ಬಿಡಲೇಬೇಕು. ಅದೇ ನನಗೆ ಬೇಕಾಗಿದ್ದ ಬಣ್ಣ. ಆರನೆಯ ತಂತಿಯಿಂದ ಒಂದನೆಯದರ ಕಡೆಗೆ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಸಂಖ್ಯೆಗಳನ್ನು, ಖಾಲಿ ತಂತಿಗೆ 0 ಎಂದು, ಬರೆದರೆ, ಡಿ ಕಾರ್ಡ್ 0-0-0-2-0-0. ಒಂದೇ ಬೆರಳು ಸಾಕು. ಸಿ ಕಾರ್ಡಿಗೆ ಆರನೆಯ ತಂತಿ ಬಿಟ್ಟು 3-2-0-0-0. ಖಾಲಿ ಎ ಮತ್ತು ಡಿ ತಂತಿಗಳು ಅದರ ಮೇಲೆ ತಾವಾಗಿ ಕೂರುತ್ತವೆ. ಎ ಮೈನರಿಗೆ ಆರನೆಯದನ್ನು ಬಿಟ್ಟು 0-2-0-3-2; ಮಧ್ಯದ ಜಿ ತಂತಿ ಸೇರುವುದರಿಂದ ಇದು ಎ ಮೈನರ್ ಸೆವೆನ್ ಆಗುತ್ತದೆ. ಜಿ ಕಾರ್ಡಿಗೆ 5-5-0-0-0-0. ಎರಡು ದಪ್ಪ ತಂತಿಗಳನ್ನು ಒಂದೇ ಬೆರಳಿನಿಂದ ಅಡ್ಡ ಒತ್ತಬಹುದು. ನಾಲ್ಕು ಕಾರ್ಡುಗಳಲ್ಲಿ ಎಲ್ಲಿಯೂ ರಾಗದ ಹೊರಗಿನ ಸ್ವರ ಇಲ್ಲ.

ಇನ್ನು ವಾದ್ಯದ ಸಿದ್ಧತೆ. ಇದನ್ನು ಅನೇಕರು ಲಘುವಾಗಿ ಕಾಣುತ್ತಾರೆ, ಆದರೆ ಹಾಡು ಇನ್ನೊಬ್ಬರ ಮನೆಯಲ್ಲಿ ಸರಿಯಾಗಿ ಮೊಳಗಬೇಕಾದರೆ ಈ ವಿವರ ಅತ್ಯಗತ್ಯ. ಒಂದು ತಂತಿಯನ್ನು ಪೂರ್ಣ ಸ್ವರ ಇಳಿಸಿದಾಗ ಅದರ ಬಿಗಿ ಸುಮಾರು 20 ಶೇಕಡಾ ಕಡಿಮೆಯಾಗುತ್ತದೆ, ಏಕೆಂದರೆ ಬಿಗಿಯು ಕಂಪನಾಂಕದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೂರು ತಂತಿ ಇಳಿಸಿದರೆ ಗಿಟಾರಿನ ಕುತ್ತಿಗೆಯ ಮೇಲಿನ ಒಟ್ಟು ಎಳೆತ ಸುಮಾರು ಹತ್ತನೆಯ ಒಂದು ಪಾಲು ಇಳಿಯುತ್ತದೆ. ಕುತ್ತಿಗೆ ತುಸು ನೆಟ್ಟಗಾಗಿ, ಮೊದಲ ಕೆಲವು ಫ್ರೆಟ್ಟುಗಳಲ್ಲಿ ತಂತಿ ಕಂಪಿಸುವಾಗ ಲೋಹಕ್ಕೆ ತಾಗಿ ಜುಂಯ್ ಎನ್ನುತ್ತದೆ. ಸಾಮಾನ್ಯವಾಗಿ ಬಳಸುವ 0.012 ಇಂಚಿನಿಂದ 0.053 ಇಂಚಿನ ಲೈಟ್ ತಂತಿಗಳ ಬದಲು 0.013ರಿಂದ 0.056ರ ಮೀಡಿಯಂ ಫಾಸ್ಫರ್ ಬ್ರಾಂಜ್ ತಂತಿಗಳನ್ನು ಹಾಕಿದೆ. ಹೀಗೆ ಮಾಡಿದಾಗ ಇಳಿಸಿದ ಒಂದನೆಯ ತಂತಿಯ ಬಿಗಿ ಮೊದಲಿನ ಸುಮಾರು 93 ಶೇಕಡಾಕ್ಕೆ ಮರಳುತ್ತದೆ, ಒಟ್ಟು ಎಳೆತವೂ ಹಳೆಯ ಮಟ್ಟಕ್ಕೆ ಹತ್ತಿರ ಬರುತ್ತದೆ. ಆದರೆ ಮೀಡಿಯಂ ತಂತಿ ಹಾಕಿ ಮತ್ತೆ ರೂಢಿಯ ಶ್ರುತಿಗೆ ಏರಿಸುವ ಮೊದಲು ವಾದ್ಯ ಅದನ್ನು ತಾಳುತ್ತದೆಯೇ ಎಂದು ತಿಳಿದುಕೊಳ್ಳಬೇಕು. ಹಗುರವಾಗಿ ಕಟ್ಟಿದ ಸಣ್ಣ ಗಿಟಾರುಗಳಲ್ಲಿ ತಂತಿಗಳನ್ನು ಮೇಲ್ಹಲಗೆಗೆ ಕಟ್ಟಿಹಾಕುವ ಬ್ರಿಡ್ಜ್ ಕಿತ್ತುಬರುವ ಅಪಾಯವಿದೆ. ಲೈಟ್ ತಂತಿಯಲ್ಲೇ ನುಡಿಸುವವರು ಕುತ್ತಿಗೆಯೊಳಗಿನ ಹೊಂದಾಣಿಕೆಯ ಸರಳಾದ ಟ್ರಸ್ ರಾಡನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಸಡಿಲಿಸಿ, ಒಂದು ದಿನ ಬಿಟ್ಟು ನೋಡುವುದು ಒಳ್ಳೆಯದು.

ಮಳೆಗಾಲ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಗಿಟಾರಿನ ಮರಕ್ಕೆ ಹಿತವಾದ ತೇವಾಂಶ 45ರಿಂದ 55 ಶೇಕಡಾ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕಿಟಕಿ ತೆರೆದ ಕೋಣೆಯೊಳಗೆ ಅದು 85ನ್ನು ದಾಟುವುದು ಸಾಮಾನ್ಯ. ಮೇಲ್ಹಲಗೆ ನೀರು ಹೀರಿ ಉಬ್ಬುತ್ತದೆ, ಬ್ರಿಡ್ಜ್ ಏರುತ್ತದೆ, ತಂತಿ ಫ್ರೆಟ್ಟಿನಿಂದ ದೂರ ಸರಿದು ಒತ್ತುವುದು ಕಷ್ಟವಾಗುತ್ತದೆ, ನಾದ ಮಂಕಾಗುತ್ತದೆ. ಆಗ ಬ್ರಿಡ್ಜಿನ ಮೇಲೆ ತಂತಿಗಳನ್ನು ಹೊರುವ ಸ್ಯಾಡಲನ್ನು ಉಜ್ಜಿ ತಗ್ಗಿಸುವ ಆಸೆ ಹುಟ್ಟುತ್ತದೆ. 12ನೆಯ ಫ್ರೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ತಗ್ಗಿಸಬೇಕಾದರೆ ಸ್ಯಾಡಲಿನಲ್ಲಿ ಒಂದು ಮಿಲಿಮೀಟರ್ ಉಜ್ಜಬೇಕು. ಆದರೆ ಜನವರಿಯ ಒಣ ಗಾಳಿಗೆ ಹಲಗೆ ಮತ್ತೆ ಕೂತಾಗ ಅದೇ ಸ್ಯಾಡಲ್ ತೀರ ತಗ್ಗಾಗಿಬಿಡುತ್ತದೆ. ಮೂಲ ಸ್ಯಾಡಲನ್ನು ಹಾಗೆಯೇ ತೆಗೆದಿಟ್ಟು, ಮೂಳೆಯ ಇನ್ನೊಂದು ತುಂಡನ್ನು ಮಳೆಗಾಲಕ್ಕೆಂದೇ ಉಜ್ಜಿ ಹಾಕಿಕೊಂಡಿದ್ದೇನೆ. ಕರಾವಳಿಯ ವಾದಕರಿಗೆಲ್ಲ ಇದನ್ನೇ ಒತ್ತಿ ಹೇಳುತ್ತೇನೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ಸಣ್ಣ ತೇವಮಾಪಕ ಇರಲಿ. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ನುಡಿಸಿದ ಮೇಲೆ ತಂತಿಯ ಅಡಿಭಾಗವನ್ನೂ ಒಣ ಬಟ್ಟೆಯಿಂದ ಒರೆಸಬೇಕು; ಕಡಲ ಗಾಳಿಯ ಉಪ್ಪು ಅಲ್ಲಿಯೇ ಮೊದಲು ತುಕ್ಕು ಹಿಡಿಸುತ್ತದೆ.

ಬಲಗೈಯ ಬೆರಳೋಟ ತಾಳದಿಂದ ಬಂತು. ಯಕ್ಷಗಾನದ ತ್ರಿವುಡೆ ತಾಳಕ್ಕೆ 7 ಅಕ್ಷರ, ಅಂದರೆ ಎಣಿಕೆ. ತಕಿಟ ತಕಧಿಮಿ ಎಂದು ಬಾಯಲ್ಲಿ ಹೇಳಿಕೊಂಡರೆ ಮೂರು ಮತ್ತು ನಾಲ್ಕರ ನಡೆ ತಾನಾಗಿ ಬರುತ್ತದೆ. ಭಾಮಿನಿ ಷಟ್ಪದಿಯ ಮಾತ್ರಾಗಣಗಳೂ ಮೂರು-ನಾಲ್ಕು, ಮೂರು-ನಾಲ್ಕು ಎಂದೇ ನಡೆಯುವುದರಿಂದ ಈ ನಡಿಗೆ ಕನ್ನಡದ ನಾಲಿಗೆಗೆ ಹೊಸದೇನಲ್ಲ. ಗಿಟಾರಿನಲ್ಲಿ ಮೊದಲ ಮೂರಕ್ಕೆ ಹೆಬ್ಬೆರಳು ಆರನೆಯ ತಂತಿಯನ್ನು, ತೋರುಬೆರಳು ಮೂರನೆಯದನ್ನು, ನಡುಬೆರಳು ಎರಡನೆಯದನ್ನು ಮೀಟುತ್ತವೆ. ಮುಂದಿನ ನಾಲ್ಕಕ್ಕೆ ಹೆಬ್ಬೆರಳು ನಾಲ್ಕನೆಯ ತಂತಿಗೆ ಬಂದು, ತೋರು, ನಡು, ಉಂಗುರ ಬೆರಳುಗಳು ಮೂರು, ಎರಡು, ಒಂದನೆಯ ತಂತಿಗಳನ್ನು ಸಾಲಾಗಿ ಮೀಟುತ್ತವೆ. ಸಿ ಮತ್ತು ಎ ಮೈನರ್ ಕಾರ್ಡುಗಳಲ್ಲಿ ಮೊದಲ ಹೆಬ್ಬೆರಳು ಆರನೆಯ ತಂತಿಯ ಬದಲು ಐದನೆಯದಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಒಂದೇ.

ಸಾಹಿತ್ಯವನ್ನು ಈ ಬೆರಳೋಟದ ಮೇಲೆಯೇ ಬರೆದೆ:

ಬೋಟು ಮಲಗಿವೆ ದಕ್ಕೆ ಬದಿಯಲಿ
ಬಲೆಯ ಹೆಣೆಯುವ ಬೆರಳ ನೆರಳಲಿ
ಎರಡು ತಿಂಗಳು ಮಳೆಯ ಮನೆಯಲಿ
ಕಡಲು ಕರೆಯಲಿ ಕದವ ತೆರೆಯೆವು

‘ಬೋಟು’ ಎಂಬಲ್ಲಿ ದೀರ್ಘಕ್ಕೆ ಎರಡು ಮೀಟು, ಹ್ರಸ್ವಕ್ಕೆ ಒಂದು. ‘ಮಲಗಿವೆ’ ನಾಲ್ಕೂ ಹ್ರಸ್ವವಾದ್ದರಿಂದ ಅಕ್ಷರಕ್ಕೊಂದು ಮೀಟು. ‘ತಿಂಗಳು’ ಎಂಬುದರಲ್ಲಿ ಮೊದಲ ಅಕ್ಷರ ಗುರುವಾಗಿ ಎರಡನ್ನು ಹಿಡಿಯುತ್ತದೆ. ಹೀಗೆ ಛಂದಸ್ಸು ಬಲ್ಲವರಿಗೆ ಪದ್ಯವೇ ಬೆರಳಿನ ಲೆಕ್ಕವನ್ನು ಹೇಳಿಕೊಡುತ್ತದೆ, ಗಿಟಾರ್ ಬಲ್ಲವರಿಗೆ ಬೆರಳೇ ಛಂದಸ್ಸನ್ನು ಹೇಳಿಕೊಡುತ್ತದೆ. ಒಂದೊಂದು ಸಾಲಿಗೆ ತಾಳದ ಎರಡು ಆವರ್ತ (ಸುತ್ತು). ಮೊದಲ ಸಾಲು ಪೂರ್ತಿ ಡಿ ಕಾರ್ಡ್. ಎರಡನೆಯದು ಸಿ ಮತ್ತು ಡಿ. ಮೂರನೆಯದು ಎ ಮೈನರ್ ಮತ್ತು ಸಿ. ನಾಲ್ಕನೆಯದು ಜಿ ಮತ್ತು ಡಿ.

ಗಮಕದ, ಅಂದರೆ ಸ್ವರವನ್ನು ಓಲಾಡಿಸುವ ಕ್ರಮದ, ಪ್ರಶ್ನೆ ಬಹಳ ಯೋಚನೆಗೆ ಹಚ್ಚಿತು. ಮಧ್ಯಮಾವತಿಯ ರಿಷಭ, ನಿಷಾದಗಳು ಚಪ್ಪಟೆಯಾಗಿ ನಿಂತರೆ ರಾಗದ ಚಹರೆ ಮೂಡುವುದಿಲ್ಲ. ಫ್ರೆಟ್ ಇರುವ ಉಕ್ಕಿನ ತಂತಿಯಲ್ಲಿ ಗಾಯಕರ ಕಂಪಿತವನ್ನು ಪೂರ್ಣವಾಗಿ ತರಲು ಆಗುವುದೂ ಇಲ್ಲ. ಜಾರುವಿಕೆಯನ್ನು ಆಶ್ರಯಿಸಿದೆ. ಎರಡನೆಯ ತಂತಿಯಲ್ಲಿ 3ನೆಯ ಫ್ರೆಟ್ ನಿಷಾದ, 5ನೆಯದು ಷಡ್ಜ. ನಿಷಾದವನ್ನು ಮೀಟಿ, ಬೆರಳನ್ನು ಎತ್ತದೆ ಷಡ್ಜದ ತನಕ ಜಾರಿಸಿ ಮರಳಿ ತಂದರೆ ಅದು ಷಡ್ಜದ ಕಡೆಗೆ ಹಾತೊರೆಯುವ ನಿಷಾದವಾಗುತ್ತದೆ. ಒಂದನೆಯ ತಂತಿಯ 2 ಮತ್ತು 5ನೆಯ ಫ್ರೆಟ್ಟುಗಳ ನಡುವೆ ರಿಷಭಕ್ಕೂ ಮಧ್ಯಮಕ್ಕೂ ಇದೇ ಕ್ರಮ. ಜಾರುವುದು ಎರಡು ಅಕ್ಷರಕಾಲದೊಳಗೆ ಮುಗಿಯಬೇಕು. ನಿಧಾನವಾದರೆ ಗಾಂಧಾರದ ಫ್ರೆಟ್ಟುಗಳು ನಡುವೆ ಕೇಳಿಬಿಡುತ್ತವೆ. ಇದನ್ನು ಬರಹದಲ್ಲಿ ಎಷ್ಟು ಹೇಳಿದರೂ ಸಾಲದು ಎಂದು ಕಂಡಿದ್ದರಿಂದ ಈ ಎರಡು ಜಾರುಗಳನ್ನು ಮಾತ್ರ ಬಿಡಿಯಾಗಿ ಮುದ್ರಿಸಿ ಕೊಟ್ಟಿದ್ದೇನೆ.

ಮುದ್ರಣಕ್ಕೆ ಮಳೆಯೇ ದೊಡ್ಡ ಅಡ್ಡಿ. ಹೆಂಚಿನ ಮಾಡಿನ ಕೆಳಗೆ ಮಳೆಯ ಸದ್ದಿನಲ್ಲಿ ಸೂಕ್ಷ್ಮ ಮೈಕ್ ಇಡಲು ಸಾಧ್ಯವೇ ಇಲ್ಲ. ತಾರಸಿ ಇರುವ ಒಳಕೋಣೆಯಲ್ಲಿ, ಬಟ್ಟೆಯ ಕಪಾಟನ್ನು ತೆರೆದಿಟ್ಟು, ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನ್ ನಿಲ್ಲಿಸಿ ಕೂತೆ. ಕಂಡೆನ್ಸರ್ ಮೈಕನ್ನು 12ನೆಯ ಫ್ರೆಟ್ಟಿನ ಎದುರು, ಸುಮಾರು 25ರಿಂದ 30 ಸೆಂಟಿಮೀಟರ್ ದೂರದಲ್ಲಿ ಇಟ್ಟೆ. ನಾದರಂಧ್ರದ ನೇರಕ್ಕೆ ಇಟ್ಟರೆ ಪೆಟ್ಟಿಗೆಯೊಳಗಿನ ಗಾಳಿಯ ಗುಂಯ್ಗುಡುವಿಕೆ ಎಲ್ಲವನ್ನೂ ಮುಚ್ಚುತ್ತದೆ. ಈ ಹಾಡಿನಲ್ಲಿ ಖಾಲಿ ಎ ತಂತಿಯ ಕಂಪನಾಂಕ 110 ಹರ್ಟ್ಸ್ ಆಗಿ ಆ ಗುಂಯ್‌ನ ಹತ್ತಿರವೇ ಬರುವುದರಿಂದ ಈ ಎಚ್ಚರ ಇನ್ನೂ ಮುಖ್ಯ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿದಾಗ ವಿದ್ಯುತ್ತಿನ ಹಮ್ ನಿಂತಿತು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, ಗರಿಷ್ಠ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಮುದ್ರಿಸಿಕೊಂಡೆ. ಮೆಟ್ರೊನೋಮನ್ನು ಏಳಕ್ಕೆ ಹೊಂದಿಸಿ ಒಂದನೆಯ ಮತ್ತು ನಾಲ್ಕನೆಯ ಅಕ್ಷರಗಳಿಗೆ ಒತ್ತು ಕೊಟ್ಟಿದ್ದೆ. ವೇಗ ನಿಮಿಷಕ್ಕೆ 160 ಅಕ್ಷರ. ಕಲಿಯುವವರಿಗಾಗಿ 100ರ ವೇಗದಲ್ಲಿ ಇನ್ನೊಂದನ್ನು ಬೇರೆಯಾಗಿಯೇ ನುಡಿಸಿದೆ, ಏಕೆಂದರೆ ಯಂತ್ರದಿಂದ ನಿಧಾನ ಮಾಡಿದ ಧ್ವನಿಯಲ್ಲಿ ಜಾರುಗಳ ಆಕಾರ ಕೆಡುತ್ತದೆ. ನಿಧಾನದ ಪ್ರತಿಯಲ್ಲಿ ಎಡ ಕಿವಿಗೆ ದನಿ ಮತ್ತು ತಾಳ, ಬಲ ಕಿವಿಗೆ ಗಿಟಾರ್. ಬಲಗಿವಿಯ ಇಯರ್‌ಫೋನ್ ತೆಗೆದರೆ ನುಡಿಸುವವರಿಗೆ ಜಾಗ ಸಿಗುತ್ತದೆ.

ಬರಹ ಮೂರು ಬಗೆಯದು, ಏಕೆಂದರೆ ನಮ್ಮ ಗುಂಪಿನಲ್ಲಿ ಮೂರು ದಾರಿಯಿಂದ ಬಂದವರಿದ್ದಾರೆ. ಇಗರ್ಜಿಯ ಕಾಯರಿನಲ್ಲಿ ಬೆಳೆದವರು ಐದು ಗೆರೆಯ ಪಾಶ್ಚಾತ್ಯ ಸ್ಟಾಫ್ ನೊಟೇಶನ್ ಓದುತ್ತಾರೆ. ಕರ್ನಾಟಕ ಸಂಗೀತ ಕಲಿತವರಿಗೆ ಸ್ವರಲಿಪಿ ಬೇಕು. ಮೊಬೈಲ್ ನೋಡಿ ಕಲಿತ ಕಿರಿಯರಿಗೆ ತಂತಿ, ಫ್ರೆಟ್ಟುಗಳನ್ನು ತೋರಿಸುವ ಆರು ಗೆರೆಯ ಟ್ಯಾಬ್. ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶದಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಬರೆದು, ಸ್ವರಲಿಪಿಯನ್ನು ಸಾಹಿತ್ಯದ ಮೇಲೆ ಕೈಯಲ್ಲೇ ಬರೆದು ಸೇರಿಸಿದೆ. ಬೆರಳಿನ ಗುರುತಿಗೆ ಹೆ, ತೋ, ನ, ಉ ಎಂಬ ಕನ್ನಡದ ಅಕ್ಷರಗಳನ್ನೇ ಬಳಸಿದೆ. ಧ್ವನಿಯ ಕಡತವನ್ನು ವಾಟ್ಸಾಪಿನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಎಂದು ಕಳುಹಿಸಿದ್ದರಿಂದ ಅದು ಇದ್ದ ಗುಣಮಟ್ಟದಲ್ಲೇ ತಲುಪಿತು.

ಉಡುಪಿಯ ಬ್ರಹ್ಮಗಿರಿಯ ಮನೆಯೊಂದರಲ್ಲಿ ಎಲ್ಲರೂ ಗಿಟಾರ್ ಹಿಡಿದು ಸೇರಿದಾಗ ಹಾಡಿಗೆ ನಿಜವಾದ ಕೆಲಸ ಆರಂಭವಾಯಿತು. ಹಿರಿಯರೊಬ್ಬರು ಕಾರ್ಡುಗಳನ್ನು ನೋಡಿದವರೇ, “ಇದರಲ್ಲಿ ಗಾಂಧಾರವೇ ಇಲ್ಲವಲ್ಲ ಮಾರಾಯ್ರೆ, ನನ್ನ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ” ಎಂದರು. ಅವರಿಗೆ ಮೂರನೆಯ ತಂತಿಯ 2ನೆಯ ಫ್ರೆಟ್ಟಿನಲ್ಲಿ ಬೆರಳನ್ನು ಕದಲಿಸದೆ ಡಿ ಕಾರ್ಡಿನಲ್ಲಿ ಕೆಲವು ಆವರ್ತ ನಿಲ್ಲುವ ಪೀಠಿಕೆಯೊಂದನ್ನು ಸೇರಿಸಿದೆವು. ಕೇಳುವವರಿಗೂ ರಾಗ ನೆಲೆಗೊಳ್ಳಲು ಅದರಿಂದ ಸಮಯ ಸಿಕ್ಕಿತು. ಕೈ ಚಿಕ್ಕದಾದ ಹುಡುಗಿಯೊಬ್ಬಳಿಗೆ ಜಿ ಕಾರ್ಡಿಗಾಗಿ 5ನೆಯ ಫ್ರೆಟ್ಟಿಗೆ ಹಾರಿ ಬರುವುದು ಕಷ್ಟವಾಗುತ್ತಿತ್ತು. ಅವಳು ಎಡಗೈಯನ್ನೇ ಎತ್ತಿ, ಹೆಬ್ಬೆರಳಿನಿಂದ ಖಾಲಿ ಮೂರನೆಯ ತಂತಿಯನ್ನು ಕೆಳಸ್ವರವಾಗಿ ಮೀಟಿದಳು. ನಾಲ್ಕನೆಯ ಸಾಲಿನ ‘ಕಡಲು ಕರೆಯಲಿ’ ಎಂಬಲ್ಲಿ ಭಾರ ಇಳಿದು, ದನಿಯೊಂದೇ ಮುಂದೆ ಬಂತು. ನಾನು ಬರೆದದ್ದಕ್ಕಿಂತ ಅದು ಚೆನ್ನಾಗಿತ್ತು. ಈಗ ಬರಹದಲ್ಲಿ ಅವಳ ಕ್ರಮವೇ ಇದೆ, ನನ್ನದನ್ನು ಪರ್ಯಾಯವಾಗಿ ಕೆಳಗೆ ಬರೆದಿದ್ದೇನೆ.

ಎರಡನೆಯ ಗಿಟಾರಿನ ಪ್ರಶ್ನೆಯೇ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು. ಮಂಗಳೂರಿನಿಂದ ಬಂದ ಇಬ್ಬರು, ಮುಂದೆ ಬೇರೆ ಹಾಡುಗಳೂ ಇರುವುದರಿಂದ ಶ್ರುತಿ ಬದಲಿಸಲು ಒಪ್ಪಲಿಲ್ಲ. ರೂಢಿಯ ಶ್ರುತಿಯಲ್ಲಿಯೇ ಜೊತೆ ಕೊಡಬೇಕು, ಆದರೆ ಬಿ ತಂತಿಯ ಧೈವತ ಕೇಳಬಾರದು. 5ನೆಯ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಪಟ್ಟಿ) ಹಾಕಿ ನೋಡೋಣ ಎಂದು ಲೆಕ್ಕ ಹಾಕಿದಾಗ ಆರು ಖಾಲಿ ತಂತಿಗಳು ಎ, ಡಿ, ಜಿ, ಸಿ, ಇ, ಎ ಆದವು. ಪ, ಸ, ಮ, ನಿ, ರಿ, ಪ. ಮಧ್ಯಮಾವತಿಯ ಐದೂ ಸ್ವರಗಳು ಇವೆ, ಹೊರಗಿನದು ಒಂದೂ ಇಲ್ಲ! ರೂಢಿಯ ಶ್ರುತಿಯ ಖಾಲಿ ತಂತಿಗಳೇ ಒಂದು ಐದು ಸ್ವರಗಳ ಗುಂಪಾಗಿರುವುದೂ, ಆ ಗುಂಪು ಗ್ರಹಭೇದದಿಂದ, ಅಂದರೆ ಷಡ್ಜದ ಜಾಗ ಬದಲಿಸಿದಾಗ, ಮಧ್ಯಮಾವತಿಗೆ ಹೊಂದುವುದೂ ಇದಕ್ಕೆ ಕಾರಣ. ಎಡಗೈಯನ್ನು ಮುಟ್ಟಿಸದೆಯೇ ಎರಡನೆಯ ಗಿಟಾರ್ ರಾಗದೊಳಗೆ ಇರುತ್ತದೆ. ಗಿಟಾರ್ ಹಿಡಿದು ಇನ್ನೂ ಕಾರ್ಡು ಕಲಿಯದವರೂ ಏಳು ಅಕ್ಷರದ ಬೆರಳೋಟವನ್ನಷ್ಟೇ ಕಲಿತು ಅಂದೇ ಜೊತೆ ಸೇರಿದರು.

ಹೆಣ್ಣುದನಿಗೆ ಬಿಳಿ ಎರಡು ತಗ್ಗಾಗುತ್ತದೆ. ಬಿಳಿ ಐದಕ್ಕೆ ಏರಿಸಬೇಕಾದರೆ ಮೊದಲ ಗಿಟಾರಿಗೆ 5ನೆಯ ಫ್ರೆಟ್ಟಿನಲ್ಲಿ ಕೇಪೋ ಸಾಕು. ಎರಡನೆಯದಕ್ಕೆ ಅದು 10ನೆಯ ಫ್ರೆಟ್ಟಿಗೆ ಹೋಗಿ ನುಡಿಸಲಾಗದ ಸ್ಥಿತಿ ಬರುವುದರಿಂದ, ಕೇಪೋ ತೆಗೆದು ಆರೂ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಬೇಕು. ಆಗ ಸಿಗುವ ಡಿ, ಜಿ, ಸಿ, ಎಫ್, ಎ, ಡಿ ಮತ್ತೆ ರಾಗದೊಳಗಿನವೇ.

ಭಾರತದ ಕಾನೂನಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಕೃತಿಗಳೆಂದು ಎಣಿಸಲ್ಪಡುತ್ತವೆ, ನೋಂದಣಿ ಇಲ್ಲದೆಯೂ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆ ಇರುತ್ತದೆ. ಹಾಗಾಗಿ ಮೌನವಾಗಿ ಕೊಟ್ಟರೆ ಪಡೆದವರು ಸಂಕೋಚಪಡುತ್ತಾರೆ. ಹೆಸರು ಹೇಳಿ ಯಾರು ಬೇಕಾದರೂ ನುಡಿಸಬಹುದು, ಹಾಡಬಹುದು, ತಮ್ಮ ಕೈಗೆ ತಕ್ಕಂತೆ ಬದಲಿಸಬಹುದು ಎಂದು ಟ್ಯಾಬಿನ ಮೊದಲ ಪುಟದಲ್ಲಿಯೇ ಸ್ಪಷ್ಟವಾಗಿ ಬರೆದಿದ್ದೇನೆ.

ಈಗ ಉಳಿದಿರುವುದು ಎರಡನೆಯ ಚರಣ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಭಾಗವದು. ಅದನ್ನು ಕುಂದಾಪುರದ ಜೊತೆಗಾರರೊಬ್ಬರು ಕುಂದಗನ್ನಡದಲ್ಲಿ ಬರೆಯಲು ಒಪ್ಪಿದ್ದಾರೆ. ಮೂರು-ನಾಲ್ಕು ಮಾತ್ರೆಯ ಲೆಕ್ಕವನ್ನೂ, ಕಾರ್ಡುಗಳ ಸಾಲನ್ನೂ ಅವರಿಗೆ ಕಳುಹಿಸಿಯಾಗಿದೆ. ಅವರ ಸಾಲುಗಳು ಬಂದ ಮೇಲೆ ಗುರು-ಲಘುಗಳನ್ನು ನೋಡಿಕೊಂಡು ಹೆಬ್ಬೆರಳಿನ ಜಾಗಗಳನ್ನು ಮತ್ತೆ ಗುರುತಿಸಿ, ಎರಡನೆಯ ಗಿಟಾರಿನ ಭಾಗದೊಂದಿಗೆ ಪೂರ್ತಿ ಹಾಡನ್ನು 100ರ ವೇಗದಲ್ಲಿ ಮುದ್ರಿಸಬೇಕಾಗಿದೆ.